ಶೇ 18 ಬಡ್ಡಿ ಅಂತ ನಂಬಿ ನಾನು ದುಡ್ಡು ಹಾಕಿದ್ದು ಮಳೆನೀರಿನ ಹೊಂಡಕ್ಕೆ

ಅಮೆರಿಕದಲ್ಲಿರುವ ಕನ್ನಡಿಗರೇ, ಕೈಯಲ್ಲಿ ಐದಾರು ಸಾವಿರ ಡಾಲರ್ ಇದೆ, ಟ್ಯಾಕ್ಸ್ ಲೀನ್ (ಬೇರೆಯವರ ತೆರಿಗೆ ಬಾಕಿಯನ್ನು ನಾವು ಕಟ್ಟಿ ಬಡ್ಡಿ ಪಡೆಯುವುದು) ಶುರು ಮಾಡೋಣ ಅಂತ ಯೋಚಿಸುತ್ತಿದ್ದರೆ ದಯವಿಟ್ಟು ಇದನ್ನು ಓದಿ. ನಾನು 2021ರಲ್ಲಿ ಫ್ಲೋರಿಡಾದಲ್ಲಿ ಇದಕ್ಕೆ ಕೈ ಹಾಕಿದೆ. ಹಾಕಿದ ದುಡ್ಡಿನಲ್ಲಿ ಮುಕ್ಕಾಲಿಗೂ ಹೆಚ್ಚು ಪಾಲು ಇವತ್ತಿಗೂ ವಾಪಸ್ ಬಂದಿಲ್ಲ.

ಅಲ್ಲಿ ಮನೆ, ಜಾಗದ ತೆರಿಗೆಯನ್ನು ಮಾರ್ಚ್ ಕೊನೆಯೊಳಗೆ ಕಟ್ಟದಿದ್ದರೆ ಕೌಂಟಿಯವರು (ನಮ್ಮ ಜಿಲ್ಲೆಯಂಥ ಸ್ಥಳೀಯ ಆಡಳಿತ) ಆ ಬಾಕಿಯನ್ನು ಹರಾಜಿಗೆ ಇಡುತ್ತಾರೆ. ಬಾಕಿ ಕಟ್ಟಿದವರಿಗೆ ಟ್ಯಾಕ್ಸ್ ಸರ್ಟಿಫಿಕೇಟ್ ಸಿಗುತ್ತದೆ, ಜಾಗ ಸಿಗುವುದಿಲ್ಲ. ಮಾಲೀಕರು ಬಾಕಿ ತೀರಿಸಿದಾಗ ಬಡ್ಡಿ ಸಮೇತ ನಮ್ಮ ದುಡ್ಡು ಬರುತ್ತದೆ. ಬಡ್ಡಿ ಶೇ 18ರಿಂದ ಶುರುವಾಗಿ ಕೆಳಗಿಳಿಯುತ್ತದೆ. ಎಲ್ಲರಿಗಿಂತ ಕಡಿಮೆ ಬಡ್ಡಿಗೆ ಒಪ್ಪಿದವರಿಗೆ ಸರ್ಟಿಫಿಕೇಟ್.

ನನಗೆ ಇದನ್ನು ಹೇಳಿಕೊಟ್ಟದ್ದು ಹೋಟೆಲೊಂದರಲ್ಲಿ ನಡೆದ ವಾರಾಂತ್ಯದ ಸೆಮಿನಾರ್. "ಎರಡು ಸಾವಿರಕ್ಕೆ ಮನೆಯೇ ಸಿಗಬಹುದು" ಅಂದರು. ಇದ್ದ 6,000 ಡಾಲರ್‌ನಲ್ಲಿ 1,900 ಅವರ ಕೋರ್ಸಿಗೇ ಹೋಯಿತು. ಫ್ಲೋರಿಡಾದಲ್ಲಿ ಸರ್ಟಿಫಿಕೇಟ್ ಇದ್ದವರಿಗೆ ಮನೆ ನೇರವಾಗಿ ಬರುವುದಿಲ್ಲ, ಅದು ಮತ್ತೆ ಬಹಿರಂಗ ಹರಾಜಿಗೆ ಹೋಗುತ್ತದೆ. ಇದನ್ನು ಅವರು ಒಂದು ಸಲವೂ ಬಾಯಿಬಿಟ್ಟು ಹೇಳಲಿಲ್ಲ.

ಹರಾಜಿನಲ್ಲಿ ನಾನು ಒಳ್ಳೆಯ ಮನೆಗಳಿಗೆ ಶೇ 10, ಶೇ 8 ಅಂತ ಹಾಕಿದೆ. ಒಂದೂ ಸಿಗಲಿಲ್ಲ. ಹೆಚ್ಚಿನವು ಶೇ 0.25ಕ್ಕೆ ಹೋದವು. ಅಷ್ಟು ಕಡಿಮೆ ಬಡ್ಡಿಗೆ ಯಾಕೆ ತಗೊಳ್ಳುತ್ತಾರೆ ಅಂತ ಅವತ್ತು ಅರ್ಥವಾಗಲಿಲ್ಲ. ಕಾರಣ ಸರಳ. ಬಡ್ಡಿ ಎಷ್ಟೇ ಕಡಿಮೆ ಇರಲಿ, ಬಾಕಿ ತೀರಿಸುವವರು ಕನಿಷ್ಠ ಶೇ 5 ಕೊಡಲೇಬೇಕು ಅಂತ ಕಾನೂನಿದೆ. ಸೊನ್ನೆ ಬಡ್ಡಿಗೆ ತಗೊಂಡವರಿಗೆ ಮಾತ್ರ ಅದಿಲ್ಲ. ಎರಡೇ ತಿಂಗಳಲ್ಲಿ ದುಡ್ಡು ವಾಪಸ್ ಬಂದರೆ ಶೇ 5 ಒಳ್ಳೆಯ ಲಾಭ. ಆದರೆ ಎರಡು ವರ್ಷ ಕಾದರೂ ಒಟ್ಟು ಬರುವುದು ಅದೇ ಶೇ 5. ಸಾವಿರಾರು ಸರ್ಟಿಫಿಕೇಟ್ ಕೊಳ್ಳುವ ದೊಡ್ಡ ಕಂಪನಿಗಳಿಗೆ ಇದು ಸರಾಸರಿಯಲ್ಲಿ ಸರಿಹೋಗುತ್ತದೆ. ಐದೇ ಐದು ಕೊಳ್ಳುವ ನಮಗೆ ಸರಿಹೋಗುವುದಿಲ್ಲ.

ಆಗ ಕೋರ್ಸಿನವರು, ಹರಾಜಿನಲ್ಲಿ ಯಾರೂ ತಗೊಳ್ಳದೆ ಕೌಂಟಿ ಬಳಿಯೇ ಉಳಿದವನ್ನು ತಗೊಳ್ಳಿ, ಪೂರ್ತಿ ಶೇ 18 ಸಿಗುತ್ತದೆ ಅಂದರು. 3,100 ಡಾಲರ್‌ಗೆ ಐದು ತಗೊಂಡೆ. ಅಷ್ಟು ಜನ ಬಿಟ್ಟುಹೋದದ್ದು ಯಾಕೆ ಉಳಿಯಿತು ಅಂತ ನಾನು ಕೇಳಲೇ ಇಲ್ಲ.

420 ಡಾಲರ್‌ನದ್ದು ಒಂದು ಬಡ್ಡಿ ಸಮೇತ ಬಂತು. ನಾಲ್ಕು ಹಾಗೇ ಕೂತವು. ಒಂದು ವರ್ಷವಾದ ಮೇಲೆ ಕಾರು ತೆಗೆದುಕೊಂಡು ನೋಡಲು ಹೋದೆ. ಒಂದು, ಬಡಾವಣೆಯ ಮಳೆನೀರು ನಿಲ್ಲುವ ಹೊಂಡ. ಸುತ್ತ ಜೊಂಡು, ನಡುವೆ ಒಂದು ಬೆಳ್ಳಕ್ಕಿ. ಇನ್ನೊಂದು, ಎರಡು ಬೇಲಿಗಳ ನಡುವೆ ಉಳಿದ ಹತ್ತಡಿ ಅಗಲದ ಪಟ್ಟಿ. ಉಳಿದೆರಡು ಜೌಗು, ದಾರಿಯೂ ಇಲ್ಲ. ಇಂಥ ಜಾಗಕ್ಕೆ ಯಾವ ಮಾಲೀಕ ತೆರಿಗೆ ಕಟ್ಟುತ್ತಾನೆ? ಮೈಸೂರಿನಲ್ಲಿ ನಮ್ಮಪ್ಪ ಒಂದು 30/40 ಸೈಟಿಗೆ ಅಡ್ವಾನ್ಸ್ ಕೊಡುವ ಮೊದಲು ಮೂರು ಸಲ ಹೋಗಿ ನೋಡಿಬಂದಿದ್ದರು. ಅಲ್ಲಿ ನಿಂತಾಗ ಅದೇ ನೆನಪಾಗಿ ಹೊಟ್ಟೆ ಉರಿಯಿತು.

2023ರ ಏಪ್ರಿಲ್ ನಂತರ ಟ್ಯಾಕ್ಸ್ ಡೀಡ್‌ಗೆ, ಅಂದರೆ ಆ ಜಾಗವನ್ನೇ ಹರಾಜಿಗೆ ಹಾಕಿಸಲು, ಅರ್ಜಿ ಹಾಕುವ ಹಕ್ಕು ಬಂತು. ಆದರೆ ಅದಕ್ಕೆ ಆ ಜಾಗದ ಬೇರೆ ವರ್ಷಗಳ ಬಾಕಿಯನ್ನೆಲ್ಲ ನಾನೇ ತೀರಿಸಬೇಕು. ಜೊತೆಗೆ ದಾಖಲೆ ಹುಡುಕಾಟದ ಖರ್ಚು, ಕ್ಲರ್ಕ್ ಕಚೇರಿಯ ಶುಲ್ಕ. ಹೊಂಡದ ಸರ್ಟಿಫಿಕೇಟ್ 640 ಡಾಲರ್, ಅರ್ಜಿಗೆ ಬೇಕಾದದ್ದು ಸುಮಾರು 2,300. ಹರಾಜಿನಲ್ಲಿ ಯಾರೂ ಕೂಗದಿದ್ದರೆ ಹೊಂಡ ನನ್ನ ಹೆಸರಿಗೇ ಬರಬಹುದು, ಮುಂದಿನ ತೆರಿಗೆಯೂ ನನ್ನದೇ. ಬಿಟ್ಟುಬಿಟ್ಟೆ. ಕೋರ್ಸಿನ ಹಣ ವಾಪಸ್ ಕೇಳಿದರೆ, "ಒಂದು ಸಲ ಲಾಗಿನ್ ಆಗಿದ್ದೀರಿ, ಕೊಡಲಾಗುವುದಿಲ್ಲ" ಅಂತ ಉತ್ತರ ಬಂತು.

ಕೋರ್ಸಿಗೆ ಸುಮ್ನೆ ದುಡ್ಡು ಕೊಡಬೇಡಿ. ಬೇಕಾದ ಮಾಹಿತಿಯೆಲ್ಲ ಕೌಂಟಿ ವೆಬ್‌ಸೈಟಿನಲ್ಲಿ ಪುಕ್ಕಟೆ ಇದೆ. ಹರಾಜಿನ ಪಟ್ಟಿಯಲ್ಲಿರುವ ಪಾರ್ಸೆಲ್ ನಂಬರನ್ನು (ಜಾಗದ ಗುರುತಿನ ಸಂಖ್ಯೆ) ಪ್ರಾಪರ್ಟಿ ಅಪ್ರೈಸರ್ (ಜಾಗಗಳಿಗೆ ಬೆಲೆ ಕಟ್ಟುವ ಕೌಂಟಿ ಕಚೇರಿ) ಪುಟದಲ್ಲಿ ಹಾಕಿದರೆ ಮೇಲಿನಿಂದ ತೆಗೆದ ಫೋಟೋ, ಜಾಗದ ಬಳಕೆ ಎಲ್ಲ ಕಾಣುತ್ತದೆ. ನನ್ನ ಹೊಂಡ ಅದರಲ್ಲಿ ನೀಲಿಯಾಗಿ ಕಾಣುತ್ತಿತ್ತು. ಎರಡೇ ನಿಮಿಷದ ಕೆಲಸ, ಅಲ್ವಾ? ನಾಲ್ಕೈದು ವರ್ಷ ಮುಟ್ಟದಿದ್ದರೂ ನಡೆಯುವ ದುಡ್ಡು ಮಾತ್ರ ಹಾಕಿ. ಮನೆ ಖರ್ಚಿನದ್ದು, ಊರಿಗೆ ಹೋಗುವ ಟಿಕೆಟ್ಟಿನದ್ದು ಬೇಡ.

ಫ್ಲೋರಿಡಾದಲ್ಲಿ ಸರ್ಟಿಫಿಕೇಟಿನ ಆಯಸ್ಸು 7 ವರ್ಷ. ನನ್ನ ನಾಲ್ಕೂ 2028ಕ್ಕೆ ಮುಗಿಯುತ್ತವೆ. ಅಷ್ಟರೊಳಗೆ ಯಾರೂ ಬಾಕಿ ಕಟ್ಟದಿದ್ದರೆ ನನ್ನ 2,680 ಡಾಲರ್ ಅಲ್ಲಿಗೆ ಮುಗಿಯಿತು.