ಹತ್ತಲು ಸೈ, ಇಳಿಯಲು ಪರದಾಟ: ಬೆಟ್ಟಕ್ಕೆಂದು ಹಾಕಿಸಿಕೊಂಡ ಕೃತಕ ಕಾಲು

ನನಗೆ ಎಡಗಾಲು ಮೊಣಕಾಲಿನ ಕೆಳಗೆ ಇಲ್ಲ. ಕೃತಕ ಕಾಲು ಕೊಳ್ಳಲಾಗದವರಿಗೆ ಹಣ ಕೂಡಿಸಲು ಒಂದಿಷ್ಟು ಜನ ಸೇರಿ ಆರು ದಿನ ಬೆಟ್ಟ ಹತ್ತಿದೆವು. ಅದಕ್ಕೆಂದೇ ಹಾಕಿಸಿಕೊಂಡ ಹೊಸ ಕಾಲಿನ ಬಗ್ಗೆ ಬರೆಯುತ್ತಿದ್ದೇನೆ. ಕಾರ್ಬನ್ ಫೈಬರ್ ಪಾದ, ಸ್ಟಂಪ್ ಅಂದರೆ ಉಳಿದಿರುವ ಕಾಲಿನ ತುಂಡು ಕೂರುವಂತೆ ಅಚ್ಚು ತೆಗೆದು ಮಾಡಿದ ಗಟ್ಟಿ ಚಿಪ್ಪು (ಸಾಕೆಟ್), ಸ್ಟಂಪಿಗೆ ತೊಡಿಸುವ ಸಿಲಿಕೋನ್ ಚೀಲ (ಲೈನರ್), ಅದರ ತುದಿಯಲ್ಲಿ ಸಾಕೆಟ್ಟಿನ ಲಾಕಿಗೆ ಸಿಕ್ಕಿಕೊಳ್ಳುವ ಪಿನ್, ಇಷ್ಟೇ ಸೆಟ್ಟು.

ಎಲ್ಲರೂ ಕೇಳುವುದು ಪಾದದ ಬಗ್ಗೆಯೇ. ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ, ಅಲ್ವಾ? ಹತ್ತುವಾಗ ನನಗೂ ಇಷ್ಟವಾಯಿತು. ಮುಂಗಾಲಿಗೆ ಭಾರ ಬಿಟ್ಟರೆ ಬಾಗುತ್ತದೆ, ಆಮೇಲೆ ಮುಂದಕ್ಕೆ ತಳ್ಳುತ್ತದೆ. ಇಳಿಯುವಾಗ ಮಾತ್ರ ಬೇರೆಯೇ ಕಥೆ. ಪಾದದ ಕೀಲು ಮಡಚುವುದಿಲ್ಲವಲ್ಲ, ಹಿಮ್ಮಡಿ ಊರಿದ ಕೂಡಲೇ ಕಾಲು ಮುಂದಕ್ಕೆ ನೂಕಿಸಿಕೊಂಡು ಮೊಣಕಾಲು ಕುಸಿಯುತ್ತದೆ. ಅಡ್ಡಡ್ಡವಾಗಿ, ಕೃತಕ ಕಾಲನ್ನೇ ಮೊದಲು ಇಟ್ಟು, ಎರಡು ಕೋಲು ಊರಿ ಇಳಿದೆ. ನಿಧಾನ, ಆದರೆ ಬೀಳಲಿಲ್ಲ.

ನಿಜವಾದ ಪರೀಕ್ಷೆ ಲೈನರ್‌ನದ್ದು. ಸಿಲಿಕೋನ್‌ಗೆ ಗಾಳಿಯಾಡುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಒಳಗೆ ಬೆವರು ನಿಂತು ಲೈನರ್ ಜಾರತೊಡಗುತ್ತದೆ, ಕಾಲೆತ್ತಿದಾಗಲೆಲ್ಲ ಪಿನ್ನು ಸ್ಟಂಪಿನ ತುದಿಯನ್ನು ಹಿಡಿದು ಜಗ್ಗಿದ ಹಾಗಾಗುತ್ತದೆ. ಗಂಟೆಗೊಮ್ಮೆ ಕೂತು ಬಿಚ್ಚಿ ಒರೆಸಿ ಮತ್ತೆ ಹಾಕಬೇಕು. ಮೊದಲ ದಿನ ಎಲ್ಲರೆದುರು ಬಿಚ್ಚಲು ನಾಚಿಕೆ, ಎರಡನೇ ದಿನ ಸೋಮಾರಿತನ, ಮೂರನೇ ದಿನ ಚರ್ಮದ ಮೇಲೆ ಬೊಬ್ಬೆ. ತಪ್ಪು ನನ್ನದೇ, ಲೈನರಿನದ್ದಲ್ಲ.

ಇನ್ನೊಂದು ವಿಷಯ, ನಡೆದಂತೆಲ್ಲ ಸ್ಟಂಪ್ ಸಣ್ಣಗಾಗುತ್ತದೆ. ಬೆಳಿಗ್ಗೆ ಲೈನರಿನ ಮೇಲೆ ಒಂದು ಕಾಲುಚೀಲ ಸಾಕಿದ್ದ ಸಾಕೆಟ್ಟಿಗೆ ಸಂಜೆ ಮೂರು ಬೇಕಾಯಿತು. ಜಾಸ್ತಿ ಹಾಕಿದರೆ ಪಿನ್ನು ಲಾಕಿಗೆ ಸರಿಯಾಗಿ ಸಿಗುವುದಿಲ್ಲ, ಆದ್ದರಿಂದ ಪಿನ್ನು ಲಾಕಿಗೆ ಕೂರುವಾಗಿನ ಟಕ್ ಟಕ್ ಸದ್ದು ಎಣಿಸುವುದು ಅಭ್ಯಾಸವಾಯಿತು. ನಾಲ್ಕನೇ ರಾತ್ರಿ ಲಾಕು ಬಿಡಿಸಲು ಒತ್ತುವ ಗುಂಡಿಗೆ ಮಣ್ಣು ಸೇರಿ ಕಾಲು ಬಿಚ್ಚಲೇ ಬರಲಿಲ್ಲ. ಟೆಂಟಿನಲ್ಲಿ ಅರ್ಧ ಗಂಟೆ ಒದ್ದಾಡಿದೆ, ಪಕ್ಕದವರು ನಗುತ್ತಲೇ ಸಹಾಯ ಮಾಡಿದರು.

ಕಾಲಿನ ಸ್ಕ್ರೂ ಬಿಗಿ ಮಾಡುವ ಅಲೆನ್ ಕೀ, ಗಟ್ಟಿ ಟೇಪು ಚೀಲದಲ್ಲಿರಲಿ. 2006ರಲ್ಲಿ ಎರಡೂ ಕಾಲಿಲ್ಲದೆ ಎವರೆಸ್ಟ್ ಏರಿದ ಮಾರ್ಕ್ ಇಂಗ್ಲಿಸ್ ಅವರ ಕಾರ್ಬನ್ ಕಾಲೇ 6,400 ಮೀಟರ್ ಎತ್ತರದಲ್ಲಿ ಮುರಿದಿತ್ತು. ಬೇರೆ ಕಾಲು ಬರುವ ತನಕ ಟೇಪು ಸುತ್ತಿ ಸಂಭಾಳಿಸಿದರು.

ಕೂಡಿದ ಹಣದ ವಿಷಯದಲ್ಲಿ ಮಾತ್ರ ನಾನು ಜಗಳ ಆಡಿದೆ. ಇಂಥದ್ದೇ ಕಾರ್ಬನ್ ಪಾದ ಕೆಲವರಿಗೆ ಕೊಡೋಣ ಎಂದರು ಆಯೋಜಕರು. ಕೃತಕ ಕಾಲಿನಂಥ ಸಹಾಯಕ ಸಾಧನ ಬೇಕಾದ 10 ಜನರಲ್ಲಿ ಒಬ್ಬರಿಗಷ್ಟೇ ಅದು ಸಿಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಅಂದಾಜು ಮಾಡಿತ್ತು. ಸಿಕ್ಕವರಿಗೂ ಕಾಲು ಒಂದು ಸಲ ಕೊಟ್ಟು ಮುಗಿಯುವ ವಸ್ತುವಲ್ಲ. ಲೈನರ್ ಸವೆಯುತ್ತದೆ, ಸ್ಟಂಪ್ ಬದಲಾದರೆ ಹೊಸ ಸಾಕೆಟ್ ಬೇಕು, ಮಕ್ಕಳಾದರೆ ಬೆಳೆಯುತ್ತಲೇ ಇರುತ್ತಾರೆ. ಸಡಿಲವಾದ ಸಾಕೆಟ್ಟಿಗೆ ಎಷ್ಟು ದುಬಾರಿ ಪಾದ ಜೋಡಿಸಿದರೂ ಅದು ಸುಮ್ನೆ ಮೂಲೆ ಸೇರುತ್ತದೆ. ಕೊನೆಗೆ ಅರ್ಧ ಹಣ ಸಾಕೆಟ್, ಲೈನರಿಗೆ ಎಂದು ಒಪ್ಪಿದರು. ನನಗೆ ಅರ್ಧವೂ ಕಡಿಮೆಯೇ.

ಪಾದಕ್ಕೆ ಐದರಲ್ಲಿ ಮೂರು, ಲೈನರಿಗೆ ನಾಲ್ಕು, ಸಾಕೆಟ್ ಮಾಡಿಕೊಟ್ಟವರಿಗೆ ಪೂರ್ತಿ ಐದು. ಪಿನ್ನಿಗೆ ತೂತಿರುವ ಕಾಲುಚೀಲ ಮಾತ್ರ ನಾಲ್ಕು ಜಾಸ್ತಿಯೇ ಇಟ್ಟುಕೊಳ್ಳಿ, ನನ್ನವೆಲ್ಲ ಮೂರನೇ ದಿನಕ್ಕೇ ಒದ್ದೆಯಾಗಿದ್ದವು.