ಸಾ ಪಾಲ್ಮೆಟೊ ಕ್ಯಾಪ್ಸೂಲ್: ಮೂರು ಡಬ್ಬಿ ಮುಗಿಸಿದ ಮೇಲೆ

ನನಗೀಗ 68. ರಾತ್ರಿ ನಾಲ್ಕು ಸಲ ಬಚ್ಚಲಿಗೆ ಏಳೋದು ನೋಡಲಾರದೆ ಅಳಿಯಂದಿರು ಆನ್‌ಲೈನಲ್ಲಿ ಇದನ್ನ ತರಿಸಿಕೊಟ್ಟರು; ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿರೋ ಗ್ರಂಥಿ) ತೊಂದರೆಗೆ ಅಂತ ಮಾರೋದು. ಡಬ್ಬಿಗೆ 60 ಕ್ಯಾಪ್ಸೂಲು, ಒಂದೊಂದರಲ್ಲೂ ಸಾ ಪಾಲ್ಮೆಟೊ ಅನ್ನೋ ಕುಳ್ಳ ತಾಳೆ ಜಾತಿ ಗಿಡದ ಹಣ್ಣಿನ ಸಾರ 160 ಮಿಲಿಗ್ರಾಂ. ಬೆಳಿಗ್ಗೆ ಒಂದು, ರಾತ್ರಿ ಒಂದು. ತೇಗಿದರೆ ಕರಿದ ಎಣ್ಣೆ ವಾಸನೆ. ಮೂರು ತಿಂಗಳು ತಪ್ಪದೆ ನುಂಗಿದೆ. ಏಳೋದು ಮಾತ್ರ ನಾಲ್ಕೇ ಸಲ.

ಕೊನೆಗೆ ಯುರಾಲಜಿಸ್ಟ್ (ಮೂತ್ರರೋಗದ ಡಾಕ್ಟರು) ಹತ್ರ ಹೋದಾಗ ವಿಷಯ ಗೊತ್ತಾಯ್ತು. ಅಮೆರಿಕದಲ್ಲಿ 225 ಗಂಡಸರ ಮೇಲೆ ಒಂದು ವರ್ಷ ಪರೀಕ್ಷೆ ಮಾಡಿ 2006ರಲ್ಲಿ ಫಲಿತಾಂಶ ಪ್ರಕಟಿಸಿದ್ದಾರೆ: ಕೆಲವರಿಗೆ ಇದೇ ಡೋಸು, ಉಳಿದವರಿಗೆ ಮದ್ದಿಲ್ಲದ ಹುಸಿಗುಳಿಗೆ. ಇಬ್ಬರಿಗೂ ವ್ಯತ್ಯಾಸವೇ ಇಲ್ಲ! 2011ರ ಇನ್ನೊಂದು ಅಧ್ಯಯನದಲ್ಲಿ ಡೋಸು ಮೂರುಪಟ್ಟು ಏರಿಸಿದರೂ ಅದೇ ಕಥೆ. ಡಬ್ಬಿ ಮೇಲೆ ಇದನ್ನೆಲ್ಲ ಯಾರು ಬರೀತಾರೆ?

ಈಗ ಡಾಕ್ಟರು ಟ್ಯಾಮ್ಸುಲೋಸಿನ್ ಅನ್ನೋ ಮದ್ದು ಕೊಟ್ಟಿದ್ದಾರೆ. ಪ್ರಾಸ್ಟೇಟ್ ಮತ್ತು ಮೂತ್ರಕೋಶದ ಕುತ್ತಿಗೆಯ ಸ್ನಾಯು ಸಡಿಲಿಸುತ್ತಂತೆ. ಎರಡೇ ಸಲ ಏಳ್ತೀನಿ. ತಟ್ಟನೆ ಎದ್ದರೆ ತಲೆ ತಿರುಗುತ್ತೆ, ಮಂಚ ಹಿಡ್ಕೊಂಡು ಏಳಬೇಕು. ಸಂಜೆ ಕಾಫಿಗೂ ಕತ್ತರಿ; ಅದೇ ದೊಡ್ಡ ಸಂಕಟ.

ಕ್ಯಾಪ್ಸೂಲಿಗೆ ಒಂದು ಸ್ಟಾರ್, ಅದೂ ಡಬ್ಬಿಗೆ. ಮುಚ್ಚಳ ಗಟ್ಟಿಯಾಗಿದೆ, ಮನೆಯವರು ಜೀರಿಗೆ ತುಂಬಿಟ್ಟಿದ್ದಾರೆ.