ವಿಕಿ ಮಾರ್ಕಪ್ಪಲ್ಲಿ ಪುಟ ಕಟ್ಟೋದು: ಕನ್ನಡ ಟೈಪ್ ಮಾಡೋರ ಕಡೆಯಿಂದ ಒಂದು ರಿವ್ಯೂ

ಮೊದ್ಲೇ ಹೇಳ್ಬಿಡ್ತೀನಿ, ಇದು ಕನ್ನಡ ವಿಕಿಪೀಡಿಯದ ಲೇಖನಗಳ ರಿವ್ಯೂ ಅಲ್ಲ, ಆ ಲೇಖನಗಳನ್ನ ಬರೆಯೋಕೆ ಕೊಡೋ ಸಾಮಾನಿನ ರಿವ್ಯೂ. ಅಂದ್ರೆ ಮೀಡಿಯಾವಿಕಿ ಅನ್ನೋ ಸಾಫ್ಟ್‌ವೇರು, ಅದರಲ್ಲಿರೋ ಹಳೇ ಸೋರ್ಸ್ ಎಡಿಟರ್ರು (ಇದರಲ್ಲಿ ದಪ್ಪ, ಓರೆ, ಲಿಂಕು ಎಲ್ಲದಕ್ಕೂ ಮಾರ್ಕಪ್ ಅನ್ನೋ ಗುರುತುಗಳನ್ನ ಕೈಲೇ ಹಾಕ್ಬೇಕು), ಆಮೇಲೆ ವಿಷುಯಲ್ ಎಡಿಟರ್ರು (ಇದರಲ್ಲಿ ಪುಟ ಹೇಗೆ ಕಾಣತ್ತೋ ಹಾಗೇ ಇಟ್ಕೊಂಡು ತಿದ್ದಬಹುದು). ಎರಡನೇದನ್ನ ಎಲ್ರೂ ಇನ್ನೂ ಹೊಸ್ದು ಹೊಸ್ದು ಅಂತಾರೆ, ಅದು ಬಂದಿದ್ದು 2013ರಲ್ಲಿ! ಬೆಂಗಳೂರಲ್ಲಿ ಹಗಲೊತ್ತು ಆಫೀಸಲ್ಲಿ ಕೋಡು ಟಿಕೆಟ್ಟು ಅಂತಿದ್ದು ರಾತ್ರಿ ಕೂತ್ಕೊಂಡು ಕೆರೆ ಬಗ್ಗೆನೋ ಬಸವನಗುಡಿ ಕಡಲೆಕಾಯಿ ಪರಿಷೆ ಬಗ್ಗೆನೋ ಎರಡು ಪ್ಯಾರಾ ಸೇರಿಸೋ ಜನ ಇದಾರಲ್ಲ, ಅಂಥೋರಿಗೆ ಇದು ಉಪಯೋಗಕ್ಕೆ ಬರಬಹುದು. ದುಡ್ಡಿನ ಮಾತೇ ಇಲ್ಲ, ಪೂರ್ತಿ ಫ್ರೀ.

ಸೋರ್ಸ್ ಎಡಿಟರಲ್ಲಿ ಶುರುನಲ್ಲಿ ಏನೂ ಕಷ್ಟ ಇಲ್ಲ. ಪದದ ಎರಡೂ ಕಡೆ ಎರಡೆರಡು ಒಂಟಿ ಕೋಟ್ ಹಾಕಿದ್ರೆ ಅಕ್ಷರ ಓರೆ ಆಗತ್ತೆ, ಮೂರು ಮೂರು ಹಾಕಿದ್ರೆ ದಪ್ಪ, ಐದೈದು ಹಾಕಿದ್ರೆ ಎರಡೂ. ಈ ಕೋಟ್ ಹುಚ್ಚು ವಿಕಿಪೀಡಿಯದ್ದಲ್ಲ, ವಾರ್ಡ್ ಕನಿಂಗ್‌ಹ್ಯಾಮ್ 1995ರಲ್ಲಿ ಶುರು ಮಾಡಿದ ಮೊಟ್ಟಮೊದಲ ವಿಕಿಯಿಂದ ಬಂದಿದ್ದು, ಯಾರೂ ಬದಲಾಯಿಸೋ ಗೋಜಿಗೆ ಹೋಗ್ಲಿಲ್ಲ. ಹೆಡಿಂಗ್ ಬೇಕಾದ್ರೆ == ಇತಿಹಾಸ == ಅಂತ, ಅದರೊಳಗಿನ ಚಿಕ್ಕ ಹೆಡಿಂಗಿಗೆ ಇನ್ನೊಂದೊಂದು ಸಮ ಚಿಹ್ನೆ. ಒಂದೇ ಸಮ ಚಿಹ್ನೆ ಹಾಕ್ಬೇಡಿ, ಅದು ಪುಟದ ಶೀರ್ಷಿಕೆ ಲೆವೆಲ್ಲು. ನಕ್ಷತ್ರ ಹಾಕಿದ್ರೆ ಬುಲೆಟ್, # ಹಾಕಿದ್ರೆ ನಂಬರ್. ಇಷ್ಟು ಕಲಿಯೋಕೆ ಒಂದು ಕಾಫಿ ಕುಡಿಯೋಷ್ಟು ಹೊತ್ತು ಸಾಕು.

ಐಟಿ ಜನಕ್ಕೆ ಮಾತ್ರ ಇಲ್ಲೇ ಒಂದು ಸಣ್ಣ ಗುಂಡಿ ಇದೆ. ಮಾರ್ಕ್‌ಡೌನಲ್ಲಿ (ಕೋಡ್ ಬರೆಯೋರು ಬಳಸೋ ಇನ್ನೊಂದು ಮಾರ್ಕಪ್ಪು) # ಅಂದ್ರೆ ಹೆಡಿಂಗು, ಅದೇ ಅಭ್ಯಾಸದಲ್ಲಿ ಇಲ್ಲಿ ಬರೆದ್ರೆ ನಿಮ್ಮ ಹೆಡಿಂಗ್ ಹಿಂದೆ 1 ಅಂತ ನಂಬರ್ ಬಂದು ಕೂತಿರತ್ತೆ. ಎರಡು ನಕ್ಷತ್ರ ಅಲ್ಲಿ ದಪ್ಪ ಅಕ್ಷರ, ಇಲ್ಲಿ ಬುಲೆಟ್ ಒಳಗಿನ ಬುಲೆಟ್ಟು. ಡೋಕುವಿಕಿ ಅನ್ನೋ ಬೇರೆ ವಿಕಿ ಸಾಫ್ಟ್‌ವೇರ್ ಇಟ್ಕೊಂಡಿರೋ ಆಫೀಸಾದ್ರೆ ಇನ್ನೂ ಮಜಾ, ಅಲ್ಲಿ ಸಮ ಚಿಹ್ನೆ ಜಾಸ್ತಿ ಆದಷ್ಟೂ ಹೆಡಿಂಗ್ ದೊಡ್ಡದು, ಇಲ್ಲಿ ಜಾಸ್ತಿ ಆದಷ್ಟೂ ಚಿಕ್ಕದು. ಇದಕ್ಕೆಲ್ಲ ಒಂದೇ ಮಾರ್ಕಪ್ ಇರ್ಲಿ ಅಂತ ವಿಕಿಕ್ರಿಯೋಲ್ ಅಂತ ಒಂದು ಮಾಡಿದ್ರು, 2007ರಲ್ಲಿ ಅದರ 1.0 ಕೂಡ ಬಂತು, ವಿಕಿಪೀಡಿಯ ತನ್ನ ದಾರೀಲಿ ತಾನು ಹೋಯ್ತು.

ಈಗ ಲಿಂಕು. ಇದು ವಿಕಿಟೆಕ್ಸ್ಟಿನ (ವಿಕಿ ಮಾರ್ಕಪ್ಪಿಗೆ ಇರೋ ಇನ್ನೊಂದು ಹೆಸರು) ಅತಿ ಚಂದದ ಭಾಗ ಅಂತ ನಾನು ಯಾವತ್ತಿಗೂ ಹೇಳ್ತೀನಿ. ಎರಡು ಚೌಕ ಬ್ರಾಕೆಟ್ ಒಳಗೆ ಹೆಸರು ಹಾಕಿದ್ರೆ ಲಿಂಕ್ ಆಯ್ತು, ಆ ಪುಟ ಇಲ್ದೇ ಇದ್ರೆ ಕೆಂಪಗೆ ಕಾಣತ್ತೆ, ಅಂದ್ರೆ ಯಾರಾದ್ರೂ ಬಂದು ಬರೀರಪ್ಪ ಅಂತ. ಆದ್ರೆ ಇಂಗ್ಲಿಷಲ್ಲಿ ಪದದ ಕೊನೇಲಿ ಒಂದು ಎಸ್ ಅಂಟಿಸಿದ್ರೆ ಬ್ರಾಕೆಟ್ ಹೊರಗಿದ್ರೂ ಅದೂ ಲಿಂಕಿಗೆ ಸೇರ್ಕೊಳತ್ತೆ, ನಮ್ಮಲ್ಲಿ ಆ ಸುಖ ಇಲ್ಲ. ಬೆಂಗಳೂರು ಅನ್ನೋದು ಬೆಂಗಳೂರಿನಲ್ಲಿ ಆಗೋವಾಗ ಕೊನೇ ಅಕ್ಷರವೇ ಬದಲಾಗೋಗತ್ತಲ್ಲ, ಹಾಗಾಗಿ [[ಬೆಂಗಳೂರು|ಬೆಂಗಳೂರಿನಲ್ಲಿ]], [[ಕೆಂಪೇಗೌಡ|ಕೆಂಪೇಗೌಡರ]], [[ಕೆರೆ|ಕೆರೆಗಳಿಗೆ]] ಅಂತ ಪ್ರತಿ ಸಲ ಪೈಪ್ (|) ಹಾಕಿ ಎರಡೆರಡು ಸಲ ಟೈಪ್ ಮಾಡ್ಬೇಕು. ಒಂದು ಪ್ಯಾರಾದಲ್ಲಿ ಐದಾರು ಲಿಂಕ್ ಇದ್ರೆ ಸೋರ್ಸಲ್ಲಿ ಅದನ್ನ ಓದೋಕೇ ಆಗಲ್ಲ. ವಿಷುಯಲ್ ಎಡಿಟರ್ ಇಲ್ಲಿ ಗೆಲ್ಲತ್ತೆ, ಪದ ಸೆಲೆಕ್ಟ್ ಮಾಡಿ ಲಿಂಕ್ ಒತ್ತಿ ಪುಟ ಹುಡುಕಿ ಕೊಟ್ರೆ ಮುಗೀತು, ಪೈಪ್ ಕಣ್ಣಿಗೇ ಬೀಳಲ್ಲ.

ಇನ್ನೊಂದು ಕಾಟ ಇದೆ, ಇದು ಕಣ್ಣಿಗೂ ಕಾಣಲ್ಲ. ಸಾಫ್ಟ್‌ವೇರ್ ಅಂತ ಬರೆಯೋವಾಗ ಟ್ ಆದ್ಮೇಲೆ ವ ಒತ್ತಾಗಿ ಕೆಳಗೆ ಹೋಗ್ದೇ ಇರ್ಲಿ ಅಂತ ಮಧ್ಯದಲ್ಲಿ ಝಡ್‌ಡಬ್ಲ್ಯೂಎನ್‌ಜೆ ಅನ್ನೋ ಅದೃಶ್ಯ ಅಕ್ಷರ ಕೂರತ್ತೆ. ಮೀಡಿಯಾವಿಕಿಗೆ ಅದೂ ಒಂದು ಅಕ್ಷರವೇ. ನೀವು ಎಲ್ಲಿಂದನೋ ಕಾಪಿ ಮಾಡ್ಕೊಂಡು ಬಂದ ಪದದಲ್ಲಿ ಅದರ ಜೊತೆಗೆ ಇನ್ನೊಂದು ಎಕ್ಸ್‌ಟ್ರಾ ಬಂದಿದ್ರೆ, ಕೊನೇಲಿ ಅಂಟ್ಕೊಂಡಿದ್ರೆ, ನೋಡೋಕೆ ಎರಡೂ ಹೆಸರು ಒಂದೇ, ಆದ್ರೂ ಲಿಂಕ್ ಮಾತ್ರ ಕೆಂಪು. ಪುಟ ಇದೆ ಅಂತ ಗೊತ್ತು, ಸ್ಪೆಲಿಂಗ್ ನೂರು ಸಲ ನೋಡಿದ್ರೂ ಸರಿಯಿದೆ, ತಲೆ ಕೆಟ್ಟೋಗತ್ತೆ. ಪರಿಹಾರ ಅಂದ್ರೆ ಆ ಪುಟದ ಶೀರ್ಷಿಕೆಯನ್ನೇ ಕಾಪಿ ಮಾಡಿ ಬ್ರಾಕೆಟ್ ಒಳಗೆ ಹಾಕೋದು, ಕೈಲಿ ಟೈಪ್ ಮಾಡೋದಲ್ಲ.

ಕೀಬೋರ್ಡ್ ವಿಷಯಕ್ಕೆ ಬಂದ್ರೆ, ನನ್ನ ಪ್ರಕಾರ ಕನ್ನಡದೋರಿಗೆ ವಿಕಿ ಮಾರ್ಕಪ್ಪಿನ ಅಸಲಿ ಖರ್ಚು ಇದೇನೇ, ಮಾರ್ಕಪ್ ಅಲ್ಲ. ಇನ್‌ಸ್ಕ್ರಿಪ್ಟ್ ಅನ್ನೋ ಸರ್ಕಾರಿ ಕೀಬೋರ್ಡ್ ಲೇಔಟಲ್ಲಿ ಒಂಟಿ ಕೋಟ್ ಕೀ ಒತ್ತಿದ್ರೆ ಬರೋದು ಟ! ದಪ್ಪ ಮಾಡೋಣ ಅಂತ ಮೂರು ಸಲ ಒತ್ತಿದ್ರೆ ಟಟಟ. ಚೌಕ ಬ್ರಾಕೆಟ್ ಒತ್ತಿದ್ರೆ ಡ, ಹೂ ಬ್ರಾಕೆಟ್ ಒತ್ತಿದ್ರೆ ಢ, ಸಮ ಚಿಹ್ನೆ ಒತ್ತಿದ್ರೆ ವಟ್ರಸುಳಿ. ಅಂದ್ರೆ ವಿಕಿಗೆ ಬೇಕಾಗಿರೋ ಬಹುಪಾಲು ಕೀಗಳ ಮೇಲೆ ಇನ್‌ಸ್ಕ್ರಿಪ್ಟಿನೋರು ಕನ್ನಡ ಅಕ್ಷರ ಕೂರ್ಸಿಬಿಟ್ಟಿದಾರೆ, ಪ್ರತಿ ಲಿಂಕಿಗೂ ಇಂಗ್ಲಿಷಿಗೆ ಹೋಗು, ಬ್ರಾಕೆಟ್ ಹಾಕು, ಕನ್ನಡಕ್ಕೆ ಬಾ, ಪದ ಬರಿ, ಮತ್ತೆ ಇಂಗ್ಲಿಷಿಗೆ ಹೋಗು. ಕಂಪ್ಯೂಟರಿಗೆ ಕನ್ನಡ ತಂದೋರಲ್ಲಿ ಒಬ್ಬರಾದ ಕೆ.ಪಿ. ರಾವ್ ಅವರ ಲೇಔಟು, ಅದೇ ನುಡಿ ಲೇಔಟ್ ಅಂತೀವಲ್ಲ, ಅದರಲ್ಲಿ ಕನ್ನಡ ಪೂರ್ತಿ 26 ಇಂಗ್ಲಿಷ್ ಅಕ್ಷರದ ಕೀಗಳ ಮೇಲೇ ಮುಗಿದುಹೋಗತ್ತೆ, ಚಿಹ್ನೆಗಳು ಚಿಹ್ನೆಗಳಾಗೇ ಉಳೀತಾವೆ. ವಿಕಿಗೆ ಬರೋರಿಗೆ ಕಣ್ಣುಮುಚ್ಕೊಂಡು ನುಡಿ ಲೇಔಟ್ ಕಲೀರಿ ಅಂತೀನಿ. ವಿಕಿಪೀಡಿಯದ ಎಡಿಟ್ ಬಾಕ್ಸ್ ಒಳಗೇ ಈ ಲೇಔಟ್‌ಗಳು ಸಿಗತ್ತೆ, ಕಂಪ್ಯೂಟರಿಗೆ ಏನೂ ಹಾಕ್ಕೋಬೇಕಾಗಿಲ್ಲ, ಕಂಟ್ರೋಲ್ ಎಮ್ ಒತ್ತಿದ್ರೆ ಆನ್, ಇನ್ನೊಂದ್ಸಲ ಒತ್ತಿದ್ರೆ ಆಫ್. ಈ ಒಂದು ಸೌಲಭ್ಯಕ್ಕೇ ಪೂರ್ತಿ ಮಾರ್ಕ್ಸು.

ಕೋಟ್ ಬಗ್ಗೆ ಇನ್ನೊಂದು ಮಾತು. ವರ್ಡಲ್ಲಿ ಬರ್ಕೊಂಡು ತಂದು ಪೇಸ್ಟ್ ಮಾಡೋರು ಇದಾರೆ, ವರ್ಡು ನೇರ ಕೋಟನ್ನ ಬಾಗಿರೋ ಕೋಟ್ ಮಾಡಿರತ್ತೆ, ವಿಕಿ ಅದನ್ನ ಲೆಕ್ಕಕ್ಕೇ ಇಟ್ಕೊಳಲ್ಲ, ದಪ್ಪ ಆಗಬೇಕಾಗಿದ್ದ ಹೆಸರು ಮೂರು ಮೂರು ಕೋಟ್ ಮಧ್ಯೆ ಸುಮ್ನೆ ಕೂತಿರತ್ತೆ. ಹಾಗೇನೇ ಸಾಲಿನ ಶುರುನಲ್ಲಿ ಒಂದೇ ಒಂದು ಸ್ಪೇಸ್ ಬಿದ್ದಿದ್ರೂ ಆ ಸಾಲು ಟೈಪ್‌ರೈಟರ್ ಅಕ್ಷರದಲ್ಲಿ ಒಂದು ಡಬ್ಬಿ ಒಳಗೆ ಹೋಗಿ ಕೂರತ್ತೆ. ನಂಬರ್ ಪಟ್ಟಿ ಮಧ್ಯೆ ಒಂದು ಖಾಲಿ ಸಾಲು ಬಿಟ್ರೆ ನಂಬರ್ ಮತ್ತೆ 1ರಿಂದ ಶುರು.

ಇದರಲ್ಲೆಲ್ಲ ಗಮನಿಸಬೇಕಾದ್ದು ಏನಂದ್ರೆ ವಿಕಿ ಯಾವತ್ತೂ ತಪ್ಪಾಯ್ತು ಅಂತ ಹೇಳಲ್ಲ. ಬೇರೆ ಕಂಪ್ಯೂಟರ್ ಭಾಷೆ ಥರ ಸಿಂಟ್ಯಾಕ್ಸ್ ಎರರ್ ಅಂತ ನಿಲ್ಲಿಸೋ ಪದ್ಧತಿಯೇ ಇಲ್ಲ, ಏನು ಬರೆದ್ರೂ ವಿಕಿಟೆಕ್ಸ್ಟೇ. ಆರ್ಡರ್ ಅರ್ಧ ಕೇಳಿಸ್ಕೊಂಡು ತನಗೆ ತೋಚಿದ್ದು ತಂದು ಟೇಬಲ್ ಮೇಲಿಟ್ಟು ಹೋಗೋ ಸಪ್ಲೈಯರ್ ಥರ. ಹೊಸಬರಿಗೆ ಇದು ಒಳ್ಳೇದೇ, ಭಯ ಇರಲ್ಲ, ಏನೋ ಒಂದು ಕಾಣತ್ತೆ. ಆದ್ರೆ ಎಲ್ಲಿ ತಪ್ಪಾಗಿದೆ ಅಂತ ಹುಡುಕೋ ಕೆಲಸ ನಿಮ್ಮ ತಲೆಗೇ. ಸೇವ್ ಮಾಡೋ ಮುಂಚೆ ಮುನ್ನೋಟ ನೋಡಿ, ಸಿಂಟ್ಯಾಕ್ಸ್ ಬಣ್ಣದಲ್ಲಿ ತೋರಿಸೋ ಪೆನ್ ಬಟನ್ ಟೂಲ್‌ಬಾರಲ್ಲಿದ್ರೆ ಆನ್ ಮಾಡ್ಕೊಳಿ, ಮುಚ್ಚದೇ ಬಿಟ್ಟ ಬ್ರಾಕೆಟ್ ಬೇಗ ಸಿಗತ್ತೆ.

ಟೇಬಲ್ ಬಗ್ಗೆ ಮಾತ್ರ ನನಗೆ ಕರುಣೆ ಇಲ್ಲ. {| ಅಂತ ತೆಗೀಬೇಕು, ಪ್ರತಿ ಸಾಲಿಗೂ |- ಹಾಕ್ಬೇಕು, ತಲೆಸಾಲಿಗೆ ಆಶ್ಚರ್ಯ ಚಿಹ್ನೆ, ಮಾಮೂಲಿ ಖಾನೆಗೆ ಪೈಪು, ಕೊನೇಲಿ |} ಅಂತ ಮುಚ್ಚಬೇಕು. ಮುಚ್ಚೋದು ಮರೆತ್ರೆ ಲೇಖನದ ಉಳಿದದ್ದೆಲ್ಲ ಕೊನೇ ಖಾನೆ ಒಳಗೆ ಹೋಗಿ ಸೇರ್ಕೊಳತ್ತೆ. ನಮ್ಮ ಮೆಟ್ರೋನೇ ತಗೊಳಿ. 2011ರ ಅಕ್ಟೋಬರಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರೋಡ್ ತನಕ ಅಷ್ಟೇ ಇದ್ದಾಗ ಆ ಟೇಬಲ್ ಯಾರು ಬೇಕಾದ್ರೂ ಬರೀಬಹುದಿತ್ತು. ಈಗ ನೇರಳೆ, ಹಸಿರು, 2025ರ ಆಗಸ್ಟಲ್ಲಿ ಶುರುವಾದ 16 ಸ್ಟೇಷನ್ನಿನ ಹಳದಿ, ಮೆಜೆಸ್ಟಿಕಲ್ಲಿ ಒಂದು ಇಂಟರ್‌ಚೇಂಜು, ಆರ್.ವಿ. ರೋಡಲ್ಲಿ ಇನ್ನೊಂದು. ಎಲ್ಲಾ ಸ್ಟೇಷನ್ನಿಗೂ ತೆರೆದ ದಿನಾಂಕ ಅಂತ ಹೊಸ ಕಾಲಂ ಸೇರಿಸಬೇಕು ಅಂದ್ರೆ ಸೋರ್ಸಲ್ಲಿ ಪ್ರತಿಯೊಂದು ಸಾಲಿಗೂ ಹೋಗಿ ಒಂದೊಂದು ಪೈಪ್ ಹಾಕ್ಬೇಕು, ಎರಡು ಖಾನೆ ಒಂದು ಮಾಡಿರೋ ಕಡೆ ಲೆಕ್ಕ ತಪ್ಪಿದ್ರೆ ಸ್ಟೇಷನ್ ಹೆಸರು ದಿನಾಂಕದ ಜಾಗಕ್ಕೆ ಹಾರತ್ತೆ. ವಿಷುಯಲ್ ಎಡಿಟರಲ್ಲಿ ಕಾಲಂ ಮೇಲಿನ ಬಾಣ ಒತ್ತಿ ಸೇರಿಸು ಅಂದ್ರೆ ಮುಗೀತು. ಟೇಬಲ್ಲಿಗೆ ಸೋರ್ಸ್ ಎಡಿಟರ್ ಬಳಸೋದು ಸುಮ್ನೆ ಹಠ ಅಷ್ಟೆ.

ಹಾಗಂತ ವಿಷುಯಲ್ಲೇ ಸಾಕು ಅನ್ಕೋಬೇಡಿ. ಅದರೊಳಗೆ ಅಭ್ಯಾಸಬಲದಿಂದ ಮೂರು ಕೋಟ್ ಹಾಕಿದ್ರೆ ಮಾರ್ಕಪ್ ಅಂತ ತಗೊಳಲ್ಲ, ನೋವಿಕಿ ಅನ್ನೋ ಟ್ಯಾಗ್ ಸುತ್ತಿ ಕೋಟ್ ಹಂಗೇ ಕಾಣೋ ಹಾಗೆ ಮಾಡತ್ತೆ. ಒಂದೇ ಉಲ್ಲೇಖವನ್ನ ಎರಡನೇ ಸಲ ಬಳಸಿದ್ರೆ ಅದಕ್ಕೆ :0, :1 ಅಂತ ತಾನೇ ಹೆಸರಿಡತ್ತೆ, ಆಮೇಲೆ ಸೋರ್ಸ್ ತೆಗೆದು ನೋಡೋರಿಗೆ :3 ಅಂದ್ರೆ ಪ್ರಜಾವಾಣಿನಾ ಗೆಜೆಟಿಯರ್ರಾ ಅಂತ ಏನೂ ಗೊತ್ತಾಗಲ್ಲ. ಸೋರ್ಸಲ್ಲಾದ್ರೆ ಉಲ್ಲೇಖ ಹಾಕೋ ರೆಫ್ ಟ್ಯಾಗಿಗೆ ನೀವೇ ಅರ್ಥ ಆಗೋ ಹೆಸರು ಕೊಡಬಹುದು, ಕನ್ನಡದಲ್ಲೇ ಕೊಡಬಹುದು. ಉಲ್ಲೇಖದ ಕೆಲಸ ಸೋರ್ಸಲ್ಲೇ ಮಾಡಿ.

ಟೆಂಪ್ಲೇಟು, ಅಂದ್ರೆ ಒಂದ್ಸಲ ಮಾಡಿಟ್ಟು ಬೇಕಾದ ಪುಟದಲ್ಲೆಲ್ಲ ಬಳಸೋ ಅಚ್ಚು, ಬೇರೆಯದೇ ಲೋಕ. ಎರಡು ಹೂ ಬ್ರಾಕೆಟ್ ಒಳಗೆ ಹೆಸರು ಹಾಕಿದ್ರೆ ಇನ್ಫೋಬಾಕ್ಸ್ (ಲೇಖನದ ಪಕ್ಕದಲ್ಲಿರೋ ಮಾಹಿತಿ ಡಬ್ಬಿ) ಬರತ್ತೆ, ಇಲ್ಲಿವರೆಗೂ ಓಕೆ. ಇಂಗ್ಲಿಷ್ ವಿಕಿಪೀಡಿಯದಿಂದ ಒಂದು ಚಂದದ ಟೆಂಪ್ಲೇಟ್ ನೋಡಿ ಕನ್ನಡಕ್ಕೆ ತಂದ್ರೆ ಅದು ಇನ್ನೊಂದು ಟೆಂಪ್ಲೇಟ್ ಕೇಳತ್ತೆ, ಅದು ಇನ್ನೊಂದನ್ನ, ಕೊನೆಗೆ ಲುವಾ ಅನ್ನೋ ಕಂಪ್ಯೂಟರ್ ಭಾಷೇಲಿ ಬರೆದ ಮಾಡ್ಯೂಲ್ ಕೇಳತ್ತೆ, ಪುಟದ ತುಂಬ ಕೆಂಪು ಅಕ್ಷರ. ಕನ್ನಡದಲ್ಲಿ ಆಗ್ಲೇ ಇರೋ ಟೆಂಪ್ಲೇಟನ್ನೇ ಹುಡುಕಿ, ಅದೇ ಥರದ ಇನ್ನೊಂದು ಕನ್ನಡ ಲೇಖನದಿಂದ ಕಾಪಿ ಮಾಡಿ. ಪುಟವನ್ನ ಒಂದು ವರ್ಗಕ್ಕೆ ಸೇರಿಸೋಕೆ, ಫೋಟೋ ಹಾಕೋಕೆ ವರ್ಗ, ಚಿತ್ರ ಅಂತ ಕನ್ನಡದಲ್ಲೂ ಬರೀಬಹುದು, ಕ್ಯಾಟಗರಿ, ಫೈಲ್ ಅಂತ ಇಂಗ್ಲಿಷ್ ಹೆಸರಲ್ಲಿದ್ರೂ ನಡೆಯತ್ತೆ.

ಚರ್ಚೆಪುಟದಲ್ಲಿ ಸಹಿಗೆ ನಾಲ್ಕು ಟಿಲ್ಡೆ (~) ಹಾಕ್ಬೇಕು ಅಂತ ಹಳಬರು ಹೇಳ್ಕೊಡ್ತಾರೆ. ಮೂರಾದ್ರೆ ಬರೀ ಹೆಸರು, ಐದಾದ್ರೆ ಬರೀ ಸಮಯ. ಈಗ ಉತ್ತರಿಸೋ ಬಟನ್ ಬಂದಿದೆ, ಸಹಿ ತಾನೇ ಬೀಳತ್ತೆ, ಹಾಗಾಗಿ ಅದರ ಬಗ್ಗೆ ಜಾಸ್ತಿ ತಲೆ ಕೆಡಿಸ್ಕೋಬೇಡಿ.

ಸ್ಟಾರ್ ಕೊಡೋದಾದ್ರೆ ಸೋರ್ಸ್ ಎಡಿಟರಿಗೆ 5ಕ್ಕೆ 4, ಟೇಬಲ್ಲಿಗೆ ಸೊನ್ನೆ. ವಿಷುಯಲ್ಲಿಗೆ 3.5. ಮೊಬೈಲಿಗೆ 2 ಕೊಟ್ರೆ ಜಾಸ್ತಿನೇ, ಯಾಕಂದ್ರೆ ಫೋನ್ ಕೀಬೋರ್ಡಲ್ಲಿ ಚೌಕ ಬ್ರಾಕೆಟ್ಟು, ಪೈಪು, ಟಿಲ್ಡೆ ಎಲ್ಲ ನಂಬರ್ ಪುಟದ ಹಿಂದಿನ ಪುಟದಲ್ಲಿರತ್ತೆ, ಒಂದು ಲಿಂಕಿಗೆ ಅಲ್ಲಿಗೂ ಇಲ್ಲಿಗೂ ಓಡಾಡ್ಬೇಕು. ಮೆಟ್ರೋದಲ್ಲಿ ನಿಂತ್ಕೊಂಡು ಕಾಗುಣಿತ ತಿದ್ದೋಕೆ, ಇಸವಿ ಸರಿ ಮಾಡೋಕೆ ಫೋನ್ ಸಾಕು. ಟೆಂಪ್ಲೇಟ್ ಇರೋ ಪ್ಯಾರಾ ಕಂಡ್ರೆ ಮುಟ್ಬೇಡಿ, ಮನೆಗೆ ಹೋಗಿ ಲ್ಯಾಪ್‌ಟಾಪಲ್ಲಿ ಮಾಡಿ.